ನುಸಿ ನುಡಿದ ಸಾಕ್ಷಿ

"ಹಜರಾಬಿ, ನೀ ನನಗ ಸುಳ್ಳು ಹೇಳೀದಿ."

ಕಸ್ತೂರಿಬಾಯಿ ಇಷ್ಟೇ ಅಂದಳು. ಟೆಂಪೊ ಅಫಜಲಪುರ ದಾಟಿ ಆಳಂದದ ಕಡೆಗೆ ಓಡುತ್ತಿತ್ತು. ಹಿಂದೆ ತೊಗರಿ ಚೀಲಗಳ ಮೇಲೆ ಮೂವರು ಹೆಂಗಸರು ಸೆರಗು ಬಿಗಿದುಕೊಂಡು ಕೂತಿದ್ದರು. ಒಬ್ಬಳು ಕಸ್ತೂರಿಬಾಯಿ. ಆಳಂದ ಠಾಣೆಯಲ್ಲಿ ಹವಾಲ್ದಾರಳಾಗಿದ್ದು ನಿವೃತ್ತಳಾದ ಮೇಲೂ ಸುಮ್ಮನೆ ಮನೆಯಲ್ಲಿ ಕೂರದ ಹೆಣ್ಣು. ಸುತ್ತಲ ಊರುಗಳಲ್ಲಿ ಕಳವು, ಮೋಸ ಆದರೆ ಜನ ಮೊದಲು ಅವಳ ಬಾಗಿಲು ಬಡಿಯುತ್ತಾರೆ. ಇನ್ನೊಬ್ಬಳು ಹಜರಾಬಿ, ಮಾದನಹಿಪ್ಪರಗಾದ ಹೆಣ್ಣುಮಕ್ಕಳು ಸೇರಿ ಕಟ್ಟಿದ ರೈತ ಕಂಪನಿಯ ಅಧ್ಯಕ್ಷೆ. ಮೂರನೆಯವಳು ಮಧುಮತಿ, ಕಸ್ತೂರಿಬಾಯಿ ಎತ್ತಿ ಆಡಿಸಿ ಬೆಳೆಸಿದ ತಂಗಿ. ಕಂಪನಿಯ ಗೋದಾಮಿನ ಕೀಲಿಗೊಂಚಲು ಸದಾ ಅವಳ ಸೊಂಟದಲ್ಲೇ ಇರುತ್ತದೆ.

"ನಾ ಏನ್ ಸುಳ್ಳು ಹೇಳೀನಿ ಬೇ?" ಹಜರಾಬಿ ಮುಖ ಆ ಕಡೆ ತಿರುಗಿಸಿದಳು.

"ಮಿಲ್ಲಿಗಿ ಕಳಸೋ ತನಕಾ ಚೀಲ ನಿಮ್ಮ ಗೋದಾಮು ಬಿಟ್ಟು ಹೊರಗ ಹೋಗೇ ಇಲ್ಲ ಅಂದಿ. ನೀವು ಮಾಳಿಗಿ ಮ್ಯಾಲ ಚೀಲ ಸುರುವಿದ್ದು ಅರ್ಧ ಊರು ನೋಡ್ಯದ. ದೇವಾನಂದ ಸಾಹೇಬ್ರ ಕಿವಿಗೂ ಬಿದ್ದದ. ಹೆಣ್ಣುಮಕ್ಕಳೇ ಚೀಲ ಬಿಚ್ಚಿ ಬೇರೆ ತೊಗರಿ ಬೆರಸ್ಯಾರ ಅಂತ ಅವರು ಅಂದ್ರ, ನಾ ಏನ್ ಉತ್ತರಾ ಕೊಡ್ಲಿ?"

ಹಜರಾಬಿ ಮಧುಮತಿಯತ್ತ ಒಮ್ಮೆ ನೋಡಿದಳು. ಮಧುಮತಿ ರಸ್ತೆಬದಿಯ ಕಬ್ಬಿನ ಗದ್ದೆ ನೋಡುತ್ತಿದ್ದಳು.

ಬೆಳಗ್ಗೆ ಕಸ್ತೂರಿಬಾಯಿ ಜಾಡು ಹಿಡಿದು ಹೋದಾಗ ಘತ್ತರಗಿಯಲ್ಲಿ, ಭೀಮಾ ದಂಡೆಯ ಒಂದು ತಗಡಿನ ಶೆಡ್ಡಿನಲ್ಲಿ ಈ ಚೀಲಗಳು ಸಿಕ್ಕಿದ್ದವು. ಗಂಟು ಬಿಚ್ಚಬೇಕಿದ್ದ ಆ ಚೀಲಗಳೇ ಇನ್ನೊಂದು ಗಂಟು ಹಾಕಿದ್ದವು. ಕಂಪನಿಯ ಹೆಸರು ಹೊತ್ತ ಇಂಥವೇ ಚೀಲಗಳು ಆಳಂದದ ಕಲ್ಲಿನಾಥನ ದಾಲ್ ಮಿಲ್ಲಿನ ಗೋದಾಮಿನಲ್ಲೂ ಇದ್ದವಲ್ಲ! ಅದೇ ಗೋಣಿ, ಅದೇ ಅಚ್ಚು, ಒಳಗೆ ಅದೇ ಬೇವಿನ ಎಲೆ. ಖರೇ ಯಾವುದು, ಖೋಟಾ ಯಾವುದು?

ಆ ಮಿಲ್ಲಿನಲ್ಲಿ ದೇವಾನಂದ ಕಾಯುತ್ತಿದ್ದ. ಹೈದರಾಬಾದಿನ ಒಂದು ಖರೀದಿ ಸಂಸ್ಥೆಯ ತಪಾಸಣೆ ಅಧಿಕಾರಿ. ಆ ಸಂಸ್ಥೆಯ ಕಟ್ಟುನಿಟ್ಟು ಸಾಮಾನ್ಯದ್ದಲ್ಲ. ಹೊಲದಿಂದ ಊಟದ ತಾಟಿನ ತನಕ ಎಲ್ಲೂ ವಿಷ ಸೋಕಬಾರದು, ಪ್ಲಾಸ್ಟಿಕ್ ಚೀಲ ಇರಬಾರದು, ದಲ್ಲಾಳಿಯಿಂದ ದಲ್ಲಾಳಿಗೆ ಲಾರಿ ಹೊಗೆ ಬಿಡುತ್ತ ಊರೂರು ಸುತ್ತಬಾರದು.

ಹೆಣ್ಣುಮಕ್ಕಳು ಹೂಂ ಅಂದಿದ್ದರು. ಹಾಗೆಂದು ಬರಿ ತಲೆಯಾಡಿಸಿ ಕೂರಲಿಲ್ಲ. ಕೀಟನಾಶಕದ ಎಣ್ಣೆ ಹೊಡೆಯುವ ಪಂಪು ಅಟ್ಟಕ್ಕೇರಿಸಿದರು. ಕಾಯಿಕೊರಕ ಬಿದ್ದಾಗ ಗಿಡ ಅಲುಗಿಸಿ, ಉದುರಿದ ಹುಳ ಆಯ್ದು ಕೋಳಿಗಳಿಗೆ ಹಾಕಿದರು. ಹಕ್ಕಿ ಬಂದು ಕೂರಲೆಂದು ಹೊಲದ ತುಂಬ ಕೋಲು ನೆಟ್ಟರು. ಊರಿನ ಗಂಡಸರು ನಕ್ಕದ್ದೇ ನಕ್ಕದ್ದು. ಆದರೆ ತೊಗರಿ ಹೂ ಬಿಟ್ಟಾಗ, ಎಷ್ಟೋ ವರ್ಷದಿಂದ ಆ ಹೊಲಗಳ ಕಡೆ ಸುಳಿಯದ ಜೇನು ಗುಂಯ್ ಎಂದು ಬಂದವು. ಆಗ ನಗು ನಿಂತಿತು.

ಅಂಥ ತೊಗರಿಯಲ್ಲಿ ವಿಷ ಇದೆ ಎಂದು ಪರೀಕ್ಷೆ ಹೇಳಿತ್ತು! ಬೇಳೆ ಮಾಡಿಸಲು ಕಂಪನಿ ತೊಗರಿ ಕಳಿಸಿದ್ದು ಕಲ್ಲಿನಾಥನ ಮಿಲ್ಲಿಗೆ, ಮಾದರಿ ತೆಗೆದದ್ದು ಅವನ ಗೋದಾಮಿನ ಚೀಲಗಳಿಂದ. ದೇವಾನಂದ ಆ ಗೋದಾಮಿಗೆ ಮೊಹರು ಹಾಕಿಸಿದ್ದ. ಇಂದು ಸಂಜೆಯೊಳಗೆ ಅವನ ತೀರ್ಮಾನ. ಕಂಪನಿ ತಪ್ಪಿತಸ್ಥ ಎಂದಾದರೆ ಒಪ್ಪಂದ ರದ್ದು, ಹಜರಾಬಿಗೆ ಜೀವನಪೂರ್ತಿ 'ವಿಷ ಮಾರಿದಾಕಿ' ಎಂಬ ಹೆಸರು. ಅಲ್ಲವೆಂದಾದರೆ ಬರುವ ಮುಂಗಾರಿಗೆ ಅಫಜಲಪುರ, ಜೇವರ್ಗಿಯ ಹೆಣ್ಣುಮಕ್ಕಳ ಸಂಘಗಳೂ ಇದೇ ದಾರಿ ಹಿಡಿಯುತ್ತವೆ. ಅವರೆಲ್ಲ ಇವತ್ತು ಆಳಂದದ ಕಡೆ ಕಿವಿಯಿಟ್ಟು ಕೂತಿದ್ದರು.

ಕಸ್ತೂರಿಬಾಯಿಗೆ ಮೊಣಕೈ ಹತ್ತಿರ ಕಚಗುಳಿಯಾಯಿತು. ನೋಡಿದರೆ ಎಳ್ಳುಕಾಳಿನಷ್ಟು ಹುಳವೊಂದು ಯಾರ ಭಯವೂ ಇಲ್ಲದೆ ಮೇಲೆ ಹತ್ತುತ್ತಿತ್ತು.

"ಇದೇನಿದು?"

ಹಜರಾಬಿ ಕಂಡಳು. ಅವಳ ಮುಖ ಕೆಂಪಾಗಿ, ಕಪ್ಪಾಗಿ, ಕೊನೆಗೆ ಸೆರಗಿನೊಳಗೆ ಸೇರಿಕೊಂಡಿತು.

"ತೌಬಾ, ತೌಬಾ... ನುಸಿ ಬೇ, ನುಸಿ! ನಮ್ಮ ತೊಗರಿಗಿ ನುಸಿ ಬಿದ್ದಾವ. ಅದಕ್ಕೇ ಮಾಳಿಗಿ ಮ್ಯಾಲ ಹರವಿ, ಬಿಸಲಿಗಿ ಒಣಗಿಸಿ, ಜರಡಿ ಹಿಡದು ಮತ್ತ ತುಂಬೀವಿ. ಹ್ಯಾಂಗ ಹೇಳ್ಲಿ ನಾ? ಕಾಳಿಗಿ ನುಸಿ ಬಿಡೋ ಹೆಂಗಸು ಮನಿ ಏನ್ ನಡಸ್ತಾಳ ಅಂತ ನಮ್ಮ ಅತ್ತಿ ಸಾಯೋ ತನಕಾ ಅಂದಾಳ. ಹೈದರಾಬಾದಿನ ಸಾಹೇಬ್ರ ಮುಂದ ಹೇಳಿ ಇಜ್ಜತ್ ಕಳಕೋಬೇಕಾ? ಮಧುಮತಿನೂ ಅದೇ ಅಂದಳು, ಅಕ್ಕಗ ಹೇಳಬ್ಯಾಡ್ರಿ, ಅಕಿ ಬಾಯಾಗ ಮಾತು ನಿಲ್ಲಂಗಿಲ್ಲ ಅಂತ."

ಕಸ್ತೂರಿಬಾಯಿ ತಂಗಿಯ ಕಡೆ ತಿರುಗಿದಳು. ಮಧುಮತಿ ಹಲ್ಲು ಕಿರಿದಳು. "ಮತ್ತ ಖರೇ ಅಲ್ಲೇನಕ್ಕ?"

ಕಸ್ತೂರಿಬಾಯಿಗೆ ಮೊದಲು ಸಿಟ್ಟು ಬಂತು. ಆಮೇಲೆ ತಲೆಯೊಳಗೆ ದೀಪ ಹತ್ತಿತು. ಆಮೇಲೆ ಎಂಥ ನಗು ಬಂತೆಂದರೆ, ಮುಂದೆ ಸ್ಟಿಯರಿಂಗ್ ಹಿಡಿದಿದ್ದ ಹಜರಾಬಿಯ ಅಳಿಯ ಶರಫುದ್ದೀನ ಗಾಬರಿಯಾಗಿ ಹಿಂದಿರುಗಿ ನೋಡಿದ.

"ಹುಚ್ಚಿ ಅದಿ ನೀ ಹಜರಾಬಿ, ಶುದ್ಧ ಹುಚ್ಚಿ! ಬಂಗಾರದಂಥಾ ಸಾಕ್ಷಿ ಸೆರಗಿನ್ಯಾಗ ಮುಚ್ಚಿಟ್ಟು ಕುಂತೀದಿ. ಒಂದು ನುಸಿ ಸಂಭಾಳಿಸಾಕ ಬರಲಿಲ್ಲ ನಿನಗ!"

ಹಜರಾಬಿಗೆ ಅದು ತಡೆಯಲಿಲ್ಲ. "ನೀ ಭಾಳ ಶ್ಯಾಣೇಕಿ! ತಂಗಿಯ ಭೀಮ ಜಯಂತಿ ಸೀರಿ ಇಸ್ತ್ರಿ ಮಾಡಾಕ ಹೋಗಿ ಸುಟ್ಟು, ಬಿಳಿ ಸೀರಿಗಿ ಕೆಂಪು ದಾರಲೆ ರಫು ಹಾಕಿದಾಕಿ. ಊರಾಗ ನೋಡಿ ನಗದವರೇ ಇಲ್ಲ."

"ಮನ್ಯಾಗ ಬ್ಯಾರೆ ದಾರ ಇರಲಿಲ್ಲ ಬಿಡು!"

ಇಬ್ಬರೂ ನಕ್ಕರು. ಮಧುಮತಿ ನಗಲಿಲ್ಲ. ಬಿಸಿಲಿಗೆ ತಲೆ ನೋಯುತ್ತಿದೆ ಎಂದು ಸೆರಗು ಮುಖದ ಮೇಲೆ ಎಳೆದುಕೊಂಡಳು.

ಮಿಲ್ಲಿನ ಅಂಗಳದಲ್ಲಿ ಮಾದನಹಿಪ್ಪರಗಾದ ಹೆಣ್ಣುಮಕ್ಕಳು ಬೇವಿನ ಗಿಡದ ಕೆಳಗೆ ಗುಂಪಾಗಿ ಕೂತಿದ್ದರು. ಕಲ್ಲಿನಾಥ ಮಲ್ಲಿಗೆ ಬಿಳುಪಿನ ಅಂಗಿ ತೊಟ್ಟು, ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದ.

"ಬರ್ರಿ ಹವಾಲ್ದಾರಬಾಯಿ, ಬರ್ರಿ! ಚಾ ತಗೋರಿ. ಸಕ್ಕರಿ ಹಾಕಂಗಿಲ್ಲ ಬಿಡ್ರಿ, ನಿಮಗ ಶುಗರ್ ಅದ ಅಂತ ಗೊತ್ತದ."

"ಚಾ ಆಮ್ಯಾಲ ಕುಡೀತೇನಿ. ಮೊದಲು ಎರಡು ಬಿಳಿ ಚಾದರ ಹಾಸಸ್ರಿ, ಬಿಸಲಿನ್ಯಾಗ."

ದೇವಾನಂದ ಗಡಿಯಾರ ನೋಡಿಕೊಂಡ. ಒಳ್ಳೆಯ ಮನುಷ್ಯನೆಂದು ಹೆಸರು, ಆದರೆ ಕಾಗದದ ಮೇಲೆ ಬರೆದದ್ದನ್ನು ಬಿಟ್ಟು ಬೇರೆ ನಂಬುವವನಲ್ಲ. "ಕಸ್ತೂರಿಬಾಯಿ ಅವರ, ಪರೀಕ್ಷೆ ಫಲಿತಾಂಶ ನನ್ನ ಕೈಯಾಗ ಅದ. ನೀವು ಹೊಸದೇನರೆ ತೋರಿಸೂದಿದ್ರ ಈಗ ತೋರಿಸ್ರಿ."

"ಅದಕ್ಕೇ ಬಂದೀನ್ರಿ. ಗೋದಾಮಿನ ಮೊಹರು ಒಡೀರಿ. ಒಂದು ಚೀಲ ಒಳಗಿಂದು, ಒಂದು ಚೀಲ ನನ್ನ ಟೆಂಪೊದಾಗಿಂದು."

ಎರಡೂ ಚೀಲಗಳು ಬಂದವು. ಎಡಗಡೆ ಚಾದರದ ಮೇಲೆ ಗೋದಾಮಿನ ಚೀಲ ಸುರಿದರು. ಬಲಗಡೆ ಟೆಂಪೊದ ಚೀಲ. ತೊಗರಿ ಸುರಿಯುವ ಆ ಝರ್ ಸದ್ದಿಗೆ ಹೆಂಗಸರೆಲ್ಲ ಎದ್ದು ಬಂದು ಸುತ್ತ ನಿಂತರು. ಎರಡೂ ರಾಶಿ ಒಂದೇ ತೆರ. ಕಲ್ಲಿನಾಥ ಮೀಸೆ ಸವರಿಕೊಂಡ.

"ಏನ್ ಫರಕ್ ಅದರಿ ಬಾಯಾರ? ಅದೂ ತೊಗರಿ, ಇದೂ ತೊಗರಿ."

"ಜರಾ ತಡೀರಿ. ಬಿಸಲು ಮಾತಾಡ್ತದ."

ಬಿಸಿಲು ಮಾತಾಡಿತು. ಬಲಗಡೆಯ ರಾಶಿಯಿಂದ ಒಂದು ಕಪ್ಪು ಚುಕ್ಕೆ ಹೊರಬಿದ್ದು ಬಿಳಿ ಚಾದರದ ಮೇಲೆ ನಡೆಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಬಿಸಿ ತಾಳಲಾರದೆ ನುಸಿಗಳ ದಿಬ್ಬಣವೇ ನೆರಳು ಹುಡುಕಿಕೊಂಡು ಹೊರಟಿತು. ಹೆಂಗಸರು ನಾಚಿಕೆಯಿಂದ ತಲೆ ತಗ್ಗಿಸಿದರು. ಕಲ್ಲಿನಾಥ ಹೊಟ್ಟೆ ಹಿಡಿದು ನಕ್ಕ.

"ನೋಡ್ರಿ ಸಾಹೇಬ್ರ, ಇದಾ ಇವರ ಮಾಲು! ನುಸಿ ಬಿದ್ದ ತೊಗರಿ!"

ಕಸ್ತೂರಿಬಾಯಿ ಹಜರಾಬಿಯನ್ನು ಮುಂದೆ ತಳ್ಳಿದಳು. "ಹೇಳ ಬೇ. ನೀನೇ ಹೇಳಬೇಕು."

ಹಜರಾಬಿ ಸೆರಗು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು, ಅಂಗಳ ಗುಡುಗುವ ಹಾಗೆ ಕೂಗಿದಳು.

"ಹೌದ್ರಿ! ನಮ್ಮ ತೊಗರ್ಯಾಗ ನುಸಿ ಅದಾವ! ನಾವು ಎಣ್ಣಿ ಹೊಡದಿಲ್ಲ, ಚೀಲದಾಗ ವಿಷದ ಗುಳಿಗಿ ಇಟ್ಟಿಲ್ಲ, ಅದಕ್ಕೇ ಅವು ಬದುಕ್ಯಾವ! ವಿಷ ಇದ್ದಲ್ಲಿ ನುಸಿ ಸಂಸಾರ ಮಾಡ್ತಾವೇನ್ರಿ ಸಾಹೇಬ್ರ? ಆ ಕಡಿ ರಾಶಿ ನೋಡ್ರಿ!"

ಎಲ್ಲರ ಕಣ್ಣೂ ಎಡಕ್ಕೆ ತಿರುಗಿದವು. ಅಲ್ಲಿ ಒಂದೂ ಅಲುಗುತ್ತಿರಲಿಲ್ಲ. ಕಸ್ತೂರಿಬಾಯಿ ಮೊಣಕಾಲೂರಿ ಚಾದರದ ಅಂಚು ಎತ್ತಿ ಕಾಳು ಸರಿಸಿದಳು. ಕೆಳಗೆ ಸತ್ತ ನುಸಿಗಳು ಮಸಿಪುಡಿಯ ಹಾಗೆ ಉದುರಿದ್ದವು. ಕಾಳುಗಳಲ್ಲಿ ತೂತುಗಳು.

"ಇದು ಹಳೇ ಮಾಲು ಸಾಹೇಬ್ರ. ಒಮ್ಮಿ ನುಸಿ ತಿಂದು, ಆಮ್ಯಾಲ ಗುಳಿಗಿ ಇಟ್ಟು ಕೊಂದಿದ್ದು. ಒಂದೇ ಹೊಲದ್ದು, ಒಂದೇ ದಿನ ತುಂಬಿದ್ದಾದ್ರ, ಅಲ್ಲಿ ಮೆರವಣಿಗಿ, ಇಲ್ಲಿ ಮಸಣ, ಹ್ಯಾಂಗ?"

ದೇವಾನಂದ ಎರಡೂ ರಾಶಿಗಳ ನಡುವೆ ಕುಕ್ಕರುಗಾಲಲ್ಲಿ ಕೂತ. ಒಂದು ನುಸಿಯನ್ನು ಉಗುರಿನ ಮೇಲೆ ಹತ್ತಿಸಿಕೊಂಡು ಬಹಳ ಹೊತ್ತು ನೋಡಿದ.

"ನುಸಿಗಿ ಜರಡಿ ಅದ," ಅಂದ ಮೆಲ್ಲಗೆ. "ವಿಷಕ್ಕ ಜರಡಿ ಇಲ್ಲ."

ಕಲ್ಲಿನಾಥನ ನಗು ಸಣ್ಣಗಾಯಿತು. ಆದರೂ ಸೋಲುವ ಆಸಾಮಿಯಲ್ಲ. "ಅಲ್ಲಾ, ಇವರೇ ಎರಡು ನಮೂನಿ ಮಾಲು ಇಟ್ಟಿರಬಾರದ್ಯಾಕ? ವಿಷದ್ದು ನನ್ನ ಕಡಿ ಕಳಸಿ, ಚಲೋದು ಬಚ್ಚಿಟ್ಟು, ಈಗ ಘತ್ತರಗಿ ಶೆಡ್ಡಿನ್ಯಾಗಿಂದ ನಾಕು ಚೀಲ ತಂದು ನಾಟಕ ಮಾಡಾಕತ್ತಾರ!"

"ಘತ್ತರಗಿ?" ಕಸ್ತೂರಿಬಾಯಿ ಎದ್ದು ನಿಂತು ಸೀರೆಯ ಧೂಳು ಕೊಡವಿದಳು. "ಟೆಂಪೊದಾಗಿಂದು ಅಂದೀನಿ ನಾ. ಘತ್ತರಗಿ ಅಂತ ಯಾರರೆ ಅಂದ್ರೇನ್ರಿ? ಸಾಹೇಬ್ರ, ನಿಮಗ ಗೊತ್ತಿತ್ತೇನ್ರಿ?"

ದೇವಾನಂದ ಇಲ್ಲವೆಂದು ತಲೆಯಾಡಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಈ ಪುಣ್ಯಾತ್ಮ ಕುಂಬಳಕಾಯಿ ಎಲ್ಲಿಟ್ಟಿದ್ದೇನೆ ಎಂದೇ ಹೇಳಿಬಿಟ್ಟಿದ್ದ.

"ಯಾರೋ... ಯಾರೋ ಅಂದ್ರು," ಕಲ್ಲಿನಾಥ ತೊದಲಿದ. "ಅದೇನ್ ಸಾಬೀತಲ್ಲ. ಆ ಚೀಲ ಈ ಹೆಣ್ಣುಮಕ್ಕಳವೇ ಅಂತ ಏನ್ ಖಾತ್ರಿ?"

ಕಸ್ತೂರಿಬಾಯಿ ಕಾಯುತ್ತಿದ್ದುದೇ ಈ ಪ್ರಶ್ನೆಗೆ. ಮಾದನಹಿಪ್ಪರಗಾದ ಹೆಣ್ಣುಮಕ್ಕಳದೊಂದು ರೂಢಿ. ತನ್ನ ಹೊಲದ ಕಾಳಿನ ಚೀಲದ ಬಾಯಿಯನ್ನು ಪ್ರತಿಯೊಬ್ಬಳೂ ತನ್ನ ಹಳೆಯ ಸೀರೆಯ ಅಂಚು ಹರಿದು ಕಟ್ಟುತ್ತಾಳೆ. ಸುತಳಿ ಎಲ್ಲರದೂ ಒಂದೇ, ಸೀರೆ ಅವರವರದು. ನೂರು ಚೀಲಗಳ ನಡುವೆಯೂ ತನ್ನದನ್ನು ಹೆಂಗಸು ದೂರದಿಂದಲೇ ಗುರುತಿಸುತ್ತಾಳೆ.

"ಶರಫುದ್ದೀನ, ಟೆಂಪೊದ ಚೀಲೆಲ್ಲ ಇಳಸು. ಬರ್ರಿ ಅಕ್ಕಗೋಳ್ರ್ಯಾ, ನಿಮ್ಮ ನಿಮ್ಮ ಸೀರಿ ಹುಡುಕ್ರಿ!"

ಅಷ್ಟು ಸಾಕಾಯಿತು. "ಇದು ನಂದು, ನನ್ನ ಮದುವಿ ಸೀರಿ!" ಎಂದು ಹುಸೇನಬೀ ಕೆಂಪು ಅಂಚು ಹಿಡಿದು ಕುಣಿದಳು. "ಹಸರು ಚೌಕಡಿ ನಂದ್ರಿ!" "ನಮ್ಮ ಅವ್ವನ ಇಳಕಲ್ ಬೇ ಇದು!" ಚೀಲಕ್ಕೊಂದು ಬಣ್ಣ, ಬಣ್ಣಕ್ಕೊಬ್ಬಳು ಒಡತಿ. ತವರಿಗೆ ಬಂದ ಮಗಳನ್ನು ತಬ್ಬುವ ಹಾಗೆ ಚೀಲಗಳನ್ನು ತಬ್ಬಿಕೊಂಡರು. ಅನಾಥವಾಗಿ ಉಳಿದ ಚೀಲ ಒಂದೂ ಇಲ್ಲ.

"ನನ್ನ ಗೋದಾಮಿನ ಚೀಲಕ್ಕೂ ಸೀರಿ ಅಂಚೇ ಕಟ್ಟ್ಯಾರಲ್ಲ!" ಕಲ್ಲಿನಾಥ ಕೊನೆಯ ಕಡ್ಡಿ ಹಿಡಿದ.

"ಹೌದಲ್ಲ. ಹಂಗಾರ ಅವನ್ನೂ ಹೊರಗ ತರಸ್ರಿ. ಒಡತ್ಯಾರು ನೋಡೂಣು."

ಗೋದಾಮಿನ ಚೀಲಗಳು ಸಾಲಾಗಿ ನಿಂತವು. ಹೆಂಗಸರು ಒಂದೊಂದನ್ನೇ ನೋಡುತ್ತ ಹೋದರು. ಯಾರೂ ನನ್ನದೆನ್ನಲಿಲ್ಲ. ಎಲ್ಲ ಚೀಲಗಳ ಬಾಯಿಗೂ ಒಂದೇ ಬಿಳಿ ಬಟ್ಟೆ, ಒಂದೇ ನೀಲಿ ಅಂಚು.

"ಇಷ್ಟು ಹೊಲದ ತೊಗರಿ, ಇಷ್ಟು ಹೆಣ್ಣುಮಕ್ಕಳು," ಕಸ್ತೂರಿಬಾಯಿ ಅಂದಳು, "ಸೀರಿ ಮಾತ್ರ ಒಂದಾ? ಎಲ್ಲಾರೂ ಪಾಳಿ ಮ್ಯಾಲ ಉಟ್ಟಾರೇನ್ರಿ ಕಲ್ಲಿನಾಥರ?"

ಬಿದ್ದ ನಗೆಗೆ ಬೇವಿನ ಗಿಡದ ಕಾಗೆಗಳು ಹಾರಿಹೋದವು. ಕಲ್ಲಿನಾಥ ಚೀಲದ ಮೇಲೆ ಕುಸಿದು ಕೂತ. ಮಲ್ಲಿಗೆ ಅಂಗಿ ಬೆವರಿಗೆ ಮೈಗಂಟಿತ್ತು.

"ಹೋದ ವರ್ಷದ ಮಾಲು ಉಳದಿತ್ರಿ," ಅಂದ ಕೊನೆಗೆ. "ಯಾರೂ ಕೇಳವಲ್ರು. ಇವರ ತೊಗರಿಗಿ ಅಷ್ಟು ಕಿಮ್ಮತ್ತು... ಬದಲಿ ಮಾಡೀನಿ. ಇವರದು ನದಿ ದಾಟಿಸಿ ಬ್ಯಾರೆ ಹೆಸರಿನ ಮ್ಯಾಲ ಮಾರೂದಿತ್ತು. ತಪ್ಪಾತ್ರಿ."

"ಕಂಪನಿ ಅಚ್ಚಿನ ಖಾಲಿ ಚೀಲ ನಿಮಗ ಯಾರು ಕೊಟ್ಟರು? ಸೀರಿ ಅಂಚು ಕಟ್ಟೂ ರೂಢಿ ಯಾರು ಹೇಳಿದರು?"

ಕಲ್ಲಿನಾಥ ತಲೆಯೆತ್ತಿ ಅವಳನ್ನು ನೋಡಿದ. ಸೋತ ಮುಖದಲ್ಲೂ ಒಂದು ವಕ್ರ ನಗೆ ಸುಳಿಯಿತು. "ಪತ್ತೆ ಹಚ್ಚಾಕಿ ನೀವಲ್ಲೇನ್ರಿ ಬಾಯಾರ? ಹಚ್ಚರಿ."

ಆಗ ಅವನ ಮಾತು ಕೇಳುವವರಾರು? ದೇವಾನಂದ ಎಲ್ಲರೆದುರು ಹಜರಾಬಿಗೆ ಕೈಮುಗಿದು ನಿಂತಿದ್ದ. "ತಪ್ಪು ತಿಳಕೊಂಡಿದ್ದೆ ಅಮ್ಮಾ. ಒಪ್ಪಂದ ಹಂಗೇ ಅದ. ಅಫಜಲಪುರ, ಜೇವರ್ಗಿಯವರಿಗಿ ನೀವೇ ಫೋನ್ ಮಾಡಿ ಹೇಳ್ರಿ, ಬಿತ್ತಗಿಗಿ ತಯಾರಾಗ್ರಿ ಅಂತ."

ಹಜರಾಬಿ ಅತ್ತಳು, ನಕ್ಕಳು, ಮತ್ತೆ ಅತ್ತಳು. ಫೋನು ಹಚ್ಚಿದಾಗ ಜೇವರ್ಗಿಯ ಕಡೆಯಿಂದ ಎದ್ದ ಹೋ ಎಂಬ ಕೂಗು ಅಂಗಳಕ್ಕೆಲ್ಲ ಕೇಳಿಸಿತು. ಹೆಂಗಸರು ಅಳಿಯ ಶರಫುದ್ದೀನನ ಕೊರಳಿಗೂ ಒಂದು ಸೀರೆ ಅಂಚು ಹಾಕಿ ಕುಣಿಸಿದರು. ಕಸ್ತೂರಿಬಾಯಿಯ ಎದೆ ತುಂಬಿ ಬಂತು. ಪೊಲೀಸ್ ನೌಕರಿಯಲ್ಲಿ ಎಷ್ಟು ಕಳ್ಳರನ್ನು ಹಿಡಿದರೂ ಇಷ್ಟು ಜನರ ಮುಖ ಒಮ್ಮೆಲೇ ಅರಳಿದ್ದನ್ನು ಅವಳು ಕಂಡಿರಲಿಲ್ಲ.

"ಆ ಸೀರಿ ಯಾರದಂತ ಗೊತ್ತಾಗ್ಲಿ!" ಹಜರಾಬಿ ಕೈಯೆತ್ತಿ ಕೂಗಿದಳು. "ನಮ್ಮೊಳಗಿನಾಕೀನೇ ಇರಬೇಕು. ಯಾರೇ ಇರ್ಲಿ, ಅಲ್ಲಾ ಕಸಂ, ಮಾದನಹಿಪ್ಪರಗಾದಾಗ ಆಕಿ ಒಂದು ಕ್ಷಣ ನಿಲ್ಲಬಾರದು. ಕಸ್ತೂರಿ, ನೀ ಹುಡುಕಿ ಕೊಡ್ತೇನಂತ ಮಾತು ಕೊಡು!"

"ಕೊಟ್ಟೆ!" ಗೆಲುವಿನ ಹುರುಪಿನಲ್ಲಿ ಕಸ್ತೂರಿಬಾಯಿಯೂ ಕೂಗಿದಳು. ಸಾಕ್ಷಿಗಿರಲಿ ಎಂದು ಸಾಲಿನ ಕೊನೆಯ ಚೀಲದ ಬಾಯಿ ಬಿಚ್ಚತೊಡಗಿದಳು. ಭೀಮ ಜಯಂತಿಗೆ ಉಡುವ ಬಿಳಿ ಸೀರೆ, ನೀಲಿ ಅಂಚು. ತಮ್ಮ ಓಣಿಯಲ್ಲಿ ಅಂಥ ಸೀರೆ ಇಲ್ಲದ ಮನೆ ಯಾವುದು? ಹೊಸೆದ ಬಟ್ಟೆ ಕೈಯಲ್ಲಿ ಬಿಚ್ಚಿಕೊಂಡಿತು.

ಅಂಚಿನ ಹತ್ತಿರ ಒಂದು ಸುಟ್ಟ ಕಲೆ. ಅದರ ಮೇಲೆ ಸೊಟ್ಟಪಟ್ಟ ಹೊಲಿಗೆ. ಕೆಂಪು ದಾರ.

ಕಸ್ತೂರಿಬಾಯಿಗೆ ತನ್ನ ಕೈಯ ಹೊಲಿಗೆ ಗೊತ್ತಿಲ್ಲವೇ? ಗೋದಾಮಿನ ಕೀಲಿ. ಖಾಲಿ ಚೀಲಗಳು. 'ಅಕ್ಕಗ ಹೇಳಬ್ಯಾಡ್ರಿ.' ಎಲ್ಲ ಒಂದರ ಹಿಂದೊಂದು ಬಂದು ಎದುರು ನಿಂತವು.

"ಅಕ್ಕಾ!"

ಟೆಂಪೊದಲ್ಲೇ ತಲೆನೋವೆಂದು ಮಲಗಿದ್ದ ಮಧುಮತಿ ಹೆಂಗಸರ ನಡುವೆ ದಾರಿ ಮಾಡಿಕೊಂಡು ಓಡಿ ಬಂದಳು. ಅಂಗೈ ತುಂಬ ಸಕ್ಕರೆ. ಮನೆಯಲ್ಲಿ ಅಕ್ಕನಿಗೆ ಸಿಗದಂತೆ ಸಕ್ಕರೆ ಡಬ್ಬಿ ಬಚ್ಚಿಡುವವಳು ಅವಳೇ.

"ಬಾಯಿ ತಗಿ ಅಕ್ಕ. ಇವತ್ತೊಂದಿನ ಡಾಕ್ಟರ್ ಮಾತು ಬಿಡು. ಗೆದ್ದೀದಿ ನೀ!"

ಬೇಡವೆನ್ನುವ ಮೊದಲೇ ಸಕ್ಕರೆ ಬಾಯಿಗೆ ಬಿತ್ತು. ಆಗ ಮಧುಮತಿಯ ಕಣ್ಣು ಅಕ್ಕನ ಕೈಗೆ ಇಳಿಯಿತು. ಕೆಂಪು ದಾರ ಕಂಡಿತು. ನಗುತ್ತಿದ್ದ ಮುಖದಿಂದ ನಗು ಇಳಿದುಹೋಯಿತು.

"ಏನದು ಕಸ್ತೂರಿಬಾಯಿ ಅವರ?" ದೇವಾನಂದ ಹತ್ತಿರ ಬರುತ್ತಿದ್ದ. "ಗುರುತು ಸಿಕ್ತೇನ್ರಿ? ಯಾರದು ಸೀರಿ?"

ಹಜರಾಬಿ ತಿರುಗಿದಳು. ಹೆಂಗಸರೆಲ್ಲ ತಿರುಗಿದರು. ಕಸ್ತೂರಿಬಾಯಿಯ ಬಾಯಲ್ಲಿ ಸಕ್ಕರೆ ಕರಗುತ್ತಿತ್ತು, ನುಂಗಲಾಗಲಿಲ್ಲ.

ಮಧುಮತಿ ಅವಳ ಮಣಿಕಟ್ಟು ಹಿಡಿದಳು. ಅಕ್ಕನಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಅಂದಳು:

"ಹೆಸರು ಹೇಳೂದಿದ್ರ ಎರಡೂ ಹೇಳಬೇಕಾಗ್ತದ ಅಕ್ಕ. ಆ ಸೀರಿ ಹರದು ಕೊಟ್ಟಾಕಿ ನಾ. ಕೊಡು ಅಂತ ನನ್ನ ಕೈಲೆ ಮಾಡಿಸಿದವರು, ಈಗ ನಿನ್ನ ಮುಂದ ಬಂದು ನಿಂತು ಯಾರದು ಸೀರಿ ಅಂತ ಕೇಳಾಕತ್ತಾರ."